ಮಂಗಳವಾರದ ನೀರು

ಕುಂಬಳೆಯವರಿಗೆ ತಿರುವನಂತಪುರ ದೂರವಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮೂರ ಪಕ್ಕದ ಅನಂತಪುರದಲ್ಲಿ ಕೆರೆಯ ನಡುವೆ ದೇವಸ್ಥಾನವಿದೆ. ಅಲ್ಲಿಯ ಗುಹೆಯೊಳಗೆ ಹೊಕ್ಕ ಅನಂತಪದ್ಮನಾಭ ನೆಲದಡಿಯಲ್ಲೇ ಸಾಗಿ ತಿರುವನಂತಪುರದಲ್ಲಿ ನೆಲೆಯಾದ ಎಂಬುದು ಅವಳ ಕತೆ. ದೇವರಿಗೆ ಗುಹೆ ಇತ್ತು. ನನಗೆ ಮಲಬಾರ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. 1996ರಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಸರ್ಟಿಫಿಕೇಟು, ಒಂದು ಚಾಪೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ ಹಿಡಿದು ರಾತ್ರಿಯಿಡೀ ಬಾಗಿಲ ಹತ್ತಿರ ಕುಳಿತು ಬಂದೆ. ಎರಡೇ ವರ್ಷ ಇದ್ದು ಮಂಗಳೂರಿಗೋ ಬೆಂಗಳೂರಿಗೋ ಹೋಗುವುದೆಂದು ಅಂದುಕೊಂಡಿದ್ದೆ. ಊರು ಬಿಟ್ಟವರೆಲ್ಲ ಹಾಗೇ ಅಂದುಕೊಂಡಿರುತ್ತಾರೆ.

ಸಿಕ್ಕಿದ್ದು ನೀರು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ದಿನಗೂಲಿ ಸಹಾಯಕನ ಕೆಲಸ. ಅದರ ಹೆಸರು ಇಲ್ಲಿ ಬೇಡ. ಊರಿಗೆ ಹೋದಾಗ ಯಾರಾದರೂ "ಏನು ಕೆಲಸ?" ಎಂದರೆ "ನೀರು ತರುವುದು" ಎನ್ನುತ್ತಿದ್ದೆ. "ಅಷ್ಟು ದೂರ ಹೋಗಿ ನೀರು ಹೊರುವುದಾ?" ಎಂದು ನಗುತ್ತಿದ್ದರು. ನಿಜಕ್ಕೂ ಕೆಲಸ ಅದೇ ಆಗಿತ್ತು. ಪ್ರತಿ ಮಂಗಳವಾರ ಬೆಳಿಗ್ಗೆ ಐಸ್ ತುಂಬಿದ ಪೆಟ್ಟಿಗೆ ಮತ್ತು ಬಾಟಲಿಗಳನ್ನು ಜೀಪಿಗೆ ಹಾಕಿಕೊಂಡು ಹೊರಡುವುದು. ಮೊದಲು ಅರುವಿಕ್ಕರ, ಆಮೇಲೆ ಕರಮನ ಸೇತುವೆ, ಆಮೇಲೆ ತಿರುವಲ್ಲಂ, ಕೊನೆಗೆ ವಿಳಿಂಜಂ ಮೀನುಗಾರಿಕಾ ಬಂದರು. ನಾಲ್ಕು ಕಡೆಯ ನೀರು ತಂದು, ಅಳೆದು, ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಬರೆಯುವುದು. ಮುಂದಿನ ಮಂಗಳವಾರ ಮತ್ತೆ ಅದೇ.

ಕರಮನ ದೊಡ್ಡ ನದಿಯೇನಲ್ಲ. ಅಗಸ್ತ್ಯಮಲೆಯ ಸಾಲಿನಲ್ಲಿ ಹುಟ್ಟಿ, ಅರವತ್ತೆಂಟು ಕಿಲೋಮೀಟರಿನಷ್ಟು ಹರಿದು, ಕೋವಳಂ ಹತ್ತಿರದ ಪನತ್ತುರದಲ್ಲಿ ಕಡಲು ಸೇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ಹೋದರೆ ವಿಳಿಂಜಂ. ಆದರೆ ಈ ಚಿಕ್ಕ ನದಿ ಒಂದು ಇಡೀ ನಗರಕ್ಕೆ ಕುಡಿಸುತ್ತದೆ. 1933ರಲ್ಲಿ ಶುರುವಾದ ನೀರು ಸರಬರಾಜು ಅರುವಿಕ್ಕರದಿಂದಲೇ. ಅಲ್ಲಿಂದ ಕೊಳವೆಯಲ್ಲಿ ಊರಿಗೆ ಬಂದ ನೀರು, ಅಡುಗೆಮನೆ ಬಚ್ಚಲುಮನೆ ಪಾಯಿಖಾನೆಗಳನ್ನೆಲ್ಲ ಹಾದು, ಬಹಳಷ್ಟು ಮತ್ತೆ ಅದೇ ನದಿಯ ಕೆಳಭಾಗಕ್ಕೆ ಬೀಳುತ್ತದೆ. ಪಟ್ಟಣದೊಳಗಿನಿಂದ ಕಿಳ್ಳಿಯಾರು ಬಂದು ಸೇರುತ್ತದೆ. ರಾಣಿ ಗೌರಿ ಪಾರ್ವತಿ ಬಾಯಿಯ ಕಾಲದಲ್ಲಿ ದೋಣಿ ಸಂಚಾರಕ್ಕೆಂದು ತೋಡಿಸಿದ ಪಾರ್ವತಿ ಪುತ್ತನಾರ್ ಕಾಲುವೆ, ಈಗ ನಗರದ ಕೊಳಚೆ ಹೊತ್ತು ಕಪ್ಪಗೆ ಮಲಗಿದೆ. ತಿರುವಲ್ಲಂ ಪರಶುರಾಮ ಕ್ಷೇತ್ರದ ಎದುರು, ಕರ್ಕಾಟಕ ಅಮಾವಾಸ್ಯೆಯ ದಿನ ಸಾವಿರಾರು ಜನ ಇದೇ ನದಿಯಲ್ಲಿ ಮುಳುಗಿ ಪಿತೃಗಳಿಗೆ ಪಿಂಡ ಬಿಡುತ್ತಾರೆ.

ಮೊದಲ ವಾರ ನನಗೆ ಕೆಲಸ ಕಲಿಸಿದವರು ನಮ್ಮ ಹಿರಿಯ ಕೆಮಿಸ್ಟ್. ಕೊಲ್ಲಂ ಕಡೆಯವರು. ಎಲ್ಲರಿಗೂ ಅವರು ಮೇಡಂ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ವಿಂಕ್ಲರ್ ವಿಧಾನ ಎಂದೊಂದಿದೆ. ಬಾಟಲಿಯಲ್ಲಿ ಗುಳ್ಳೆ ಬಾರದಂತೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಅಯೋಡೈಡ್ ಬೆರೆಸಿದ ಕ್ಷಾರ ಹಾಕಿ, ಬಿರಡೆ ಮುಚ್ಚಿ ತಿರುಗಿಸಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೆಳಗೆ ಕೂರುತ್ತದೆ. ಅರುವಿಕ್ಕರದ ಬಾಟಲಿ ಒಳ್ಳೆಯ ಫಿಲ್ಟರ್ ಕಾಫಿಯ ಹಾಗೆ ಕಂದಾಯಿತು. ಅದೇ ದಿನ ಮೇಡಂ ಪಾರ್ವತಿ ಪುತ್ತನಾರಿನಿಂದ ಒಂದು ಬಾಟಲಿ ತರಿಸಿದ್ದರು. ಅದರಲ್ಲಿ ಗಷ್ಟು ಬಿಳಿಯಾಗಿಯೇ ಉಳಿಯಿತು. ಅಂಕಿ ನೋಡುವ ಮೊದಲು ಬಣ್ಣ ನೋಡು ಎಂದರು. ಬಿಳಿ ಎಂದರೆ ಉಸಿರಿಲ್ಲ.

ಪೋಷಕಾಂಶಗಳದ್ದು ಇನ್ನೊಂದು ಬಣ್ಣದ ಆಟ. ಫಾಸ್ಫೇಟ್ ಇರುವ ನೀರಿಗೆ ಮಾಲಿಬ್ಡೇಟ್ ಹಾಕಿ ಹದ ಮಾಡಿದರೆ ನೀಲಿಯಾಗುತ್ತದೆ. ನೈಟ್ರೇಟ್ ಅಳೆಯುವಾಗ ಗುಲಾಬಿ. ನೀಲಿ ಗಾಢವಾದಷ್ಟೂ, ಗುಲಾಬಿ ಕೆಂಪಾದಷ್ಟೂ ನದಿಯಲ್ಲಿ ಗೊಬ್ಬರ ಹೆಚ್ಚು. ಗೊಬ್ಬರ ಎಂದರೆ ಗದ್ದೆಯದ್ದು ಮಾತ್ರವಲ್ಲ. ನಮ್ಮ ಮಲಮೂತ್ರ, ಬಟ್ಟೆ ತೊಳೆದ ಸಾಬೂನುಪುಡಿ, ಮೀನು ಮಾರುಕಟ್ಟೆಯ ತೊಳೆನೀರು ಎಲ್ಲವೂ ಸಾರಜನಕ ಮತ್ತು ರಂಜಕವೇ. ಭತ್ತಕ್ಕೆ ಹಾಕಿದರೆ ಭತ್ತ ಬೆಳೆಯುತ್ತದೆ, ನೀರಿಗೆ ಬಿದ್ದರೆ ಪಾಚಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಬೆಂಗಳೂರಿನಲ್ಲಿರುವ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಹೊಗೆಯೆದ್ದ ಬೆಳ್ಳಂದೂರು ಕೆರೆಯನ್ನೂ ಅದರ ಕೋಡಿಯಿಂದ ರಸ್ತೆಗೆ ಹಾರುವ ನೊರೆಯನ್ನೂ ಕಂಡವರು ನೀವು.

ಇನ್ನು ಅಳೆಯುವವನು ತಿಳಿದಿರಬೇಕಾದ ಕಿತಾಪತಿಗಳು ಹಲವು. ಪಾಚಿಗಟ್ಟಿದ ನೀರಿಗೆ ಮಧ್ಯಾಹ್ನ ಹೋದರೆ ಆಮ್ಲಜನಕ ಬೇಕಾದಷ್ಟು ಸಿಗುತ್ತದೆ, ಬಿಸಿಲಿನಲ್ಲಿ ಪಾಚಿಯೇ ಅದನ್ನು ಉತ್ಪಾದಿಸುತ್ತಿರುತ್ತದೆ. ಅದೇ ಜಾಗಕ್ಕೆ ಬೆಳಗಿನ ಜಾವ ಹೋದರೆ ಮೀನು ಬಾಯಿ ಮೇಲೆತ್ತಿ ಏದುಸಿರು ಬಿಡುತ್ತಿರುತ್ತದೆ. ಹಾಗಾಗಿ ಪ್ರತಿ ಸಲ ಅದೇ ಹೊತ್ತಿಗೆ ಹೋಗಬೇಕು. ಮಳೆಗಾಲದಲ್ಲಿ ನೀರು ಏರಿ, ಲೀಟರಿಗಿಷ್ಟು ಎನ್ನುವ ಅಂಕಿ ತಗ್ಗಿ, ನದಿ ಶುದ್ಧವಾದಂತೆ ಕಾಣುತ್ತದೆ. ಆದರೆ ಹರಿವಿನಿಂದ ಗುಣಿಸಿ ನೋಡಿದರೆ ಕಡಲಿಗೆ ಹೋಗುವ ಒಟ್ಟು ಗೊಬ್ಬರ ಆಗಲೇ ಜಾಸ್ತಿ. ಅದರಲ್ಲೂ ಜೂನಿನ ಮೊದಲ ಜೋರುಮಳೆ. ಬೇಸಿಗೆಯಿಡೀ ಚರಂಡಿಯಲ್ಲಿ, ಓಣಿಯಲ್ಲಿ, ತೋಟದಲ್ಲಿ ಕೂತದ್ದನ್ನೆಲ್ಲ ಒಂದೇ ಸಲಕ್ಕೆ ಗುಡಿಸಿ ತರುವುದು ಆ ಮಳೆ. "ಬೇರೆ ಯಾವ ವಾರ ತಪ್ಪಿದರೂ ಅದೊಂದು ವಾರ ತಪ್ಪಬಾರದು" ಎಂದು ಮೇಡಂ ಹೇಳುತ್ತಿದ್ದರು. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಈಗ ಕುಂಬಳೆಗೆ ಬರುತ್ತೇನೆ.

ನಾನು ಒಂಬತ್ತು ವರ್ಷದವನಿದ್ದಾಗ, 1983ರಲ್ಲಿ, ಕುಂಬಳೆ ಹೊಳೆಯ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮರುವಾಯಿ ಎಂದರೆ ಹೊಳೆಯ ಹೊಯ್ಗೆಯಲ್ಲಿ ಸಿಗುವ ಚಿಪ್ಪಿನ ಜೀವಿ, ತೆಂಗಿನಕಾಯಿ ತುರಿ ಹಾಕಿ ಸುಕ್ಕ ಮಾಡಿದರೆ ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ಊಟವಿಲ್ಲ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ನೂರಕ್ಕೆ ಇಷ್ಟು ಎಂದು ಎಣಿಸಿ ಕೊಡುತ್ತಿದ್ದರು. ಆ ಸುದ್ದಿ ಬಂದ ದಿನದಿಂದ ಯಾರ ಮನೆಯಲ್ಲೂ ಮರುವಾಯಿ ಇಲ್ಲ. ವಿಷ ಹಾಕಿದ್ದಾರೆ ಎಂದರು ಕೆಲವರು. ಭೂತದ ಮುನಿಸು ಎಂದರು ಇನ್ನು ಕೆಲವರು. ಮಕ್ಕಳಾದ ನಮಗೆ ಹೊಳೆಗಿಳಿಯಲು ಹೆದರಿಕೆ.

ಆ ವಿಷ ಏನೆಂದು ಪತ್ತೆ ಮಾಡಿದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು. ಇಡ್ಯಾ ಕರುಣಾಸಾಗರ್ ಮತ್ತು ಅವರ ಸಂಗಡಿಗರು ಅದನ್ನು ಮರುವರ್ಷ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಇದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಕಣ್ಣಿಗೆ ಕಾಣದ ಒಂದೇ ಕೋಶದ ಪಾಚಿಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ನಂಜು ತಯಾರಿಸುತ್ತವೆ. ಮರುವಾಯಿ ದಿನವಿಡೀ ನೀರು ಸೋಸಿ ಪಾಚಿ ತಿನ್ನುವ ಪ್ರಾಣಿ. ನಂಜು ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ, ಅದಕ್ಕೇನೂ ಆಗುವುದಿಲ್ಲ. ತಿಂದವರಿಗೆ ಮೊದಲು ತುಟಿ, ನಾಲಗೆ ಜೋಮು ಹಿಡಿಯುತ್ತದೆ, ಬೆರಳ ತುದಿಗೆ ಬರುತ್ತದೆ, ಹೆಚ್ಚಾದರೆ ಉಸಿರಾಡಿಸುವ ಸ್ನಾಯುಗಳೇ ನಿಲ್ಲುತ್ತವೆ. ಬೇಯಿಸಿದರೆ ಹೋಗುವುದಿಲ್ಲ. ಮದ್ದೂ ಇಲ್ಲ, ನಂಜು ಇಳಿಯುವವರೆಗೆ ಯಂತ್ರದಿಂದ ಉಸಿರಾಡಿಸಬೇಕು ಅಷ್ಟೆ. ನೋಡಲಿಕ್ಕೆ, ಮೂಸಲಿಕ್ಕೆ, ರುಚಿಗೆ ಒಳ್ಳೆಯ ಮರುವಾಯಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಎರಡು ಮೂರು ವರ್ಷ ಕಳೆದ ಮೇಲೆ ಬುಟ್ಟಿಯವರು ಮತ್ತೆ ಬರತೊಡಗಿದರು. ಅಮ್ಮ ಮತ್ತೆ ಕೊಂಡಳು. ಆದರೆ ಅವಳದ್ದೊಂದು ಹೊಸ ಕ್ರಮ ಶುರುವಾಯಿತು. ಬೆಳಿಗ್ಗೆಯೇ ಬೇಯಿಸಿ, ನಾಲ್ಕೈದು ತಾನು ತಿಂದು, ಪಾತ್ರೆಗೆ ತಟ್ಟೆ ಮುಚ್ಚಿ ಮೇಲೆ ಒಂದು ಕಲ್ಲು ಇಡುತ್ತಿದ್ದಳು. ನಾವು ಕೇಳಿದರೆ "ಮಧ್ಯಾಹ್ನಕ್ಕೆ" ಎನ್ನುತ್ತಿದ್ದಳು. ಆಮೇಲೆ ಅಂಗಳ ಗುಡಿಸುತ್ತ, ಬೀಡಿ ಕಟ್ಟುತ್ತ, ಆಗಾಗ ತುಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಮ್ಮನಿಗೆ ಮರುವಾಯಿ ಎಂದರೆ ಅಷ್ಟು ಆಸೆ, ನಮಗಿಂತ ಮೊದಲು ತಿನ್ನುತ್ತಾಳೆ ಎಂದು ನಾನೂ ತಂಗಿಯೂ ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು.

ನಾನು ತಿರುವನಂತಪುರಕ್ಕೆ ಬಂದ ಮರುವರ್ಷ, 1997ರ ಸೆಪ್ಟೆಂಬರ್‌ನಲ್ಲಿ, ವಿಳಿಂಜಂನಲ್ಲಿ ಚಿಪ್ಪಿ ತಿಂದು ಏಳು ಜನ ಸತ್ತರು. ಆಸ್ಪತ್ರೆ ಸೇರಿದವರು ಐನೂರಕ್ಕೂ ಹೆಚ್ಚು. ಅಲ್ಲಿ ಚಿಪ್ಪಿ ಎಂದರೆ ಬಂಡೆಗೆ ಅಂಟಿ ಬೆಳೆಯುವ ಕಂದು ಬಣ್ಣದ್ದು, ನಮ್ಮ ಕಡೆ ಪಚ್ಚಿಲೆ ಎನ್ನುತ್ತೇವಲ್ಲ, ಅದರ ತಮ್ಮ. ಹುಡುಗರು ಉಸಿರು ಹಿಡಿದು ಮುಳುಗಿ, ಬಂಡೆಯಿಂದ ಕಿತ್ತು, ಬಲೆಚೀಲದಲ್ಲಿ ತುಂಬಿ ತರುತ್ತಾರೆ. ಮೀನಿಗೆ ದುಡ್ಡಿಲ್ಲದ ಮನೆಯಲ್ಲೂ ಚಿಪ್ಪಿ ಬೇಯುತ್ತದೆ. ಪೇಪರಿನಲ್ಲಿ ಓದಿದ ದಿನ ಎಸ್.ಟಿ.ಡಿ. ಬೂತಿಗೆ ಹೋಗಿ ಊರಿನ ಅಂಗಡಿಗೆ ಫೋನು ಮಾಡಿ ಅಮ್ಮನನ್ನು ಕರೆಸಿದೆ. ನಮ್ಮ ಮನೆಮಾತು ತುಳು, ಅವಳು ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತೇನೆ. "ನೀನು ತಿಂದಿಲ್ಲವಲ್ಲ ಮಗಾ? ತಿನ್ನುವುದಿದ್ದರೆ ಮೊದಲು ಎರಡು ತಿಂದು ಹೊತ್ತು ನೋಡು. ತುಟಿ ಜುಂ ಅಂದರೆ ಬಿಸಾಡು."

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ. ಹೊಳೆದದ್ದು ಕೆಲವು ದಿನ ಕಳೆದು, ಪ್ರಯೋಗಾಲಯದಲ್ಲಿ ಚಹಾ ಕುಡಿಯುವಾಗ. ಈ ನಂಜು ಅಳೆಯುವುದು ಹೇಗೆ ಎಂದು ಮೇಡಂ ವಿವರಿಸುತ್ತಿದ್ದರು. ಚಿಪ್ಪಿಯ ಮಾಂಸವನ್ನು ಆಮ್ಲದಲ್ಲಿ ಕುದಿಸಿ, ಸಾರ ತೆಗೆದು, ಬಿಳಿ ಇಲಿಗೆ ಚುಚ್ಚುತ್ತಾರೆ. ಇಲಿ ಸಾಯಲು ಎಷ್ಟು ನಿಮಿಷ ಬೇಕಾಯಿತು ಎನ್ನುವುದರಿಂದ ನಂಜಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟಿದರೆ ತಿನ್ನಬಾರದು. ಮೇಡಂ ಹೇಳುತ್ತಲೇ ಇದ್ದರು. ನನ್ನ ಕಣ್ಣ ಮುಂದೆ ಕಲ್ಲು ಇಟ್ಟ ಪಾತ್ರೆ, ತುಟಿ ಮುಟ್ಟಿ ನೋಡಿಕೊಳ್ಳುವ ಅಮ್ಮ. ನಮ್ಮ ಮನೆಯ ಇಲಿ ಅವಳಾಗಿದ್ದಳು. ಚಹಾ ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತೆ.

ಆ ದಿನಗಳಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ. ಇದು ನದಿಯ ಕೊಳಕಿನಿಂದ ಆಯಿತೇ? ಮೇಡಂ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೇರಳದ ಕಡಲಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಆಳದ ತಣ್ಣೀರು ತಾನಾಗಿ ಮೇಲೆ ಬರುತ್ತದೆ. ಅದರಲ್ಲೂ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತದೆ. ಈ ಕರಾವಳಿಯ ಮತ್ತಿ, ಬಂಗುಡೆ ಎಲ್ಲ ಆ ನೀರಿನ ಕೊಡುಗೆಯೇ. ಪಾಚಿಗೆ ಗೊಬ್ಬರ ಕಡಲು ಕೊಟ್ಟಿತೋ ನಗರ ಕೊಟ್ಟಿತೋ, ಯಾರದ್ದೆಷ್ಟು ಪಾಲು ಎಂದು ಹೇಳಬೇಕಾದರೆ, ಏನೂ ಆಗದ ವರ್ಷಗಳಲ್ಲಿ ನೀರು ಹೇಗಿತ್ತೆಂದು ಗೊತ್ತಿರಬೇಕು. ಸತ್ತ ದಿನ ಓಡಿಹೋಗಿ ತಂದ ಒಂದು ಬಾಟಲಿ ಏನನ್ನೂ ಹೇಳುವುದಿಲ್ಲ. ಅದರ ಹಿಂದೆ ನೂರಾರು ಬೇಸರದ ಮಂಗಳವಾರಗಳು ಇದ್ದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ.

ಇದನ್ನು ಕೇಳಿ ತಲೆದೂಗಿದವನು ನಾನು. ಆದರೂ ಮುಂದೆ ಹೇಳುವುದನ್ನು ಮಾಡಿದೆ.

2001ರ ಜೂನ್. ಮಳೆ ಹಿಡಿದಿತ್ತು. ಸೋಮವಾರ ರಾತ್ರಿಯಿಂದ ಒಂದೇ ಸಮನೆ ಸುರಿದು ಮಂಗಳವಾರ ಬೆಳಿಗ್ಗೆ ಪಟ್ಟಣದ ತಗ್ಗುಪ್ರದೇಶಗಳಲ್ಲಿ ಮೊಣಕಾಲುದ್ದ ನೀರು. ನನಗೆ ಹೊಸದಾಗಿ ಮದುವೆಯಾಗಿತ್ತು, ಮನೆ ಸೋರುತ್ತಿತ್ತು, ಮೈ ಬಿಸಿಯಿತ್ತು. ಅರುವಿಕ್ಕರಕ್ಕೂ ಕರಮನ ಸೇತುವೆಗೂ ಹೋದೆವು. ತಿರುವಲ್ಲಂಗೆ ಹೋಗುವ ರಸ್ತೆಯಲ್ಲಿ ಜೀಪು ನಿಂತಿತು. ಚಾಲಕ "ಇವತ್ತು ಬೇಡ ಸಾರೇ" ಎಂದ. ನಾನೂ ಬೇಡ ಎಂದೆ. ಬಸ್ಸು ಓಡುತ್ತಿತ್ತು, ಸ್ವಲ್ಪ ನಡೆದಿದ್ದರೆ ಸೇತುವೆ ತಲುಪಬಹುದಿತ್ತು. ಮರುದಿನ ರಿಜಿಸ್ಟರ್ ತೆರೆದಾಗ ತಿರುವಲ್ಲಂನ ಸಾಲು ಖಾಲಿ. ಹಿಂದಿನ ವಾರದ ಅಂಕಿ ನೋಡಿದೆ. ಅದಕ್ಕೆ ಅತ್ತಿತ್ತ ಒಂದಿಷ್ಟು ಸೇರಿಸಿ ಕಳೆದು, ನಂಬುವ ಹಾಗೆ, ದಶಾಂಶ ಸಮೇತ, ನೈಟ್ರೇಟ್, ಫಾಸ್ಫೇಟ್, ಆಮ್ಲಜನಕ, ಎಲ್ಲವನ್ನೂ ಬರೆದೆ. ಶಾಯಿ ಒಣಗುವಷ್ಟು ಹೊತ್ತಿನಲ್ಲಿ ಮುಗಿಯಿತು. ಯಾರಿಗೂ ತಿಳಿಯಲಿಲ್ಲ. ದಿನಗೂಲಿಯಿಂದ ಖಾಯಂ ಆಗುವ ಹೊಸ್ತಿಲಲ್ಲಿದ್ದೆ. ಖಾಲಿ ಸಾಲು ಬಿಟ್ಟರೆ ಏನಾದೀತೋ ಎಂಬ ಅಂಜಿಕೆಯೂ ಇತ್ತು. ಅದು ನೆಪವೆಂದು ಆಗಲೂ ಗೊತ್ತಿತ್ತು.

ತಪ್ಪಿದ್ದು ಯಾವ ವಾರ ನೋಡಿ. ಜೂನಿನ ಮೊದಲ ಜೋರುಮಳೆಯ ವಾರ.

ಮೂರು ವರ್ಷ ಕಳೆಯಿತು. 2004ರ ಸೆಪ್ಟೆಂಬರ್ 16ರಿಂದ ಒಂದು ವಾರ ಕೊಲ್ಲಂನಿಂದ ವಿಳಿಂಜಂವರೆಗಿನ ಕಡಲು ನಾರಿತು. ಸಾಮಾನ್ಯ ಕಡಲ ವಾಸನೆಯಲ್ಲ, ಹೊಟ್ಟೆ ತೊಳಸುವಂಥದ್ದು. ಇನ್ನೂರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ವಾಕರಿಕೆ ಬಂದು, ಎದೆನೋವು ಬಂದು, ಉಸಿರು ಕಟ್ಟಿದಂತಾಗಿ ನರಳಿದರು. ನಾವು ಹೋದಾಗ ವಿಳಿಂಜಂನಲ್ಲಿ ತಾಯಂದಿರು ಮಕ್ಕಳ ಮೂಗಿಗೆ ಸೆರಗು ಒತ್ತಿ ಹಿಡಿದು ಕೂತಿದ್ದರು. ವಾಸನೆ ಪಾಚಿಯಿಂದ ಬಂದದ್ದೆಂದು ವಿಜ್ಞಾನಿಗಳು ಆಮೇಲೆ ಬರೆದರು. ಅದೂ 'ಕರೆಂಟ್ ಸೈನ್ಸ್'ನಲ್ಲೇ ಬಂತು. ನಾವು ತಂದ ನೀರಿಗೆ ಲ್ಯೂಗಾಲ್ ಅಯೋಡಿನ್ ಹಾಕಿದಾಗ ಅದು ಕಡುಚಹಾದ ಬಣ್ಣಕ್ಕೆ ತಿರುಗಿತು. ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ ಎಣಿಸಿ ಕಣ್ಣು ನೀರಾಡಿತು.

ಆ ವಾರ ಮೇಡಂ ಹಳೆಯ ರಿಜಿಸ್ಟರುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. ಪ್ರತಿ ವರ್ಷದ ತಿರುವಲ್ಲಂ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು ಗೆರೆ ಎಳೆಯತೊಡಗಿದರು. ನಾನು ಓದಿ ಹೇಳುವುದು, ಅವರು ಚುಕ್ಕಿ ಇಡುವುದು. ಪ್ರತಿ ಜೂನಿನಲ್ಲೂ ಗೆರೆ ಒಂದು ವಾರದ ಮಟ್ಟಿಗೆ ಗೋಪುರದ ಹಾಗೆ ಏರಿ ಇಳಿಯುತ್ತಿತ್ತು. 2001ರಲ್ಲಿ ಮಾತ್ರ ಗೆರೆ ಸಪಾಟು. ಮೇಡಂ ಪೆನ್ಸಿಲ್ ಎತ್ತಿದರು. "ಈ ವರ್ಷ ಯಾಕೆ ಏರಿಲ್ಲ? ಮಳೆ ಇರಲಿಲ್ಲವೇ?" ಮಳೆಯ ಪಟ್ಟಿ ತೆಗೆದು ನೋಡಿದರು. ಮಳೆ ಧಾರಾಳ. "ಇದು ಒಳ್ಳೆಯ ಸುದ್ದಿ ಇರಬಹುದು. ಆ ವರ್ಷ ಮೇಲ್ಗಡೆ ಏನಾದರೂ ಬದಲಾಗಿತ್ತೇ ನೋಡಬೇಕು" ಎಂದರು.

ಅದನ್ನು ಕೇಳಿ ತಡೆಯಲಾಗಲಿಲ್ಲ. ನನ್ನ ಸುಳ್ಳನ್ನು ನಂಬಿ ಅವರು ಇನ್ನು ವಾರಗಟ್ಟಲೆ ಕಡತ ಹುಡುಕುತ್ತಾರೆ. ಇಲ್ಲದ ಒಂದು ಸುಧಾರಣೆಗೆ ಕಾರಣ ಹುಡುಕುತ್ತಾರೆ. ಹೇಳಿದೆ. ಆ ದಿನ ಹೋಗಿರಲಿಲ್ಲ, ನಾನೇ ಬರೆದದ್ದು ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಕೆಂಪು ಪೆನ್ಸಿಲ್ ತೆಗೆದು ರಿಜಿಸ್ಟರಿನ ಆ ಸಾಲಿಗೆ ಸುತ್ತು ಹಾಕಿ, ಪಕ್ಕದಲ್ಲಿ 'ಮಾದರಿ ಇಲ್ಲ' ಎಂದು ಬರೆದು, ದಿನಾಂಕ ಹಾಕಿ, ನನ್ನ ಕಡೆ ತಿರುಗಿಸಿದರು. ನಾನು ಸಹಿ ಹಾಕಿದೆ. ಗ್ರಾಫಿನಲ್ಲಿ ಆ ಜಾಗದಲ್ಲಿ ಗೆರೆ ಅಳಿಸಿ ತೆರಪು ಬಿಟ್ಟರು. "ಬೇರೆ ಎಷ್ಟಿವೆ ಹೀಗೆ?" ಎಂದು ಕೇಳಿದರು. ಒಂದೇ ಎಂದೆ. ಅದು ನಿಜವಾಗಿತ್ತು. ಆದರೆ ಅವರು ಅದನ್ನು ನಂಬಬೇಕಾದದ್ದು ನನ್ನ ಮಾತಿನ ಮೇಲೆ ಮಾತ್ರ. ಆ ಒಂದು ಸಾಲಿನಿಂದಾಗಿ ಉಳಿದ ಸಾಲುಗಳ ಮೇಲೂ ನೆರಳು ಬಿತ್ತಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಖಾಯಂ ನೌಕರಿ ಹೋಗಲಿಲ್ಲ. ಮೇಡಂ ಮೇಲಿನವರಿಗೆ ಏನು ಹೇಳಿದರೋ ನಾನು ಕೇಳಲಿಲ್ಲ.

ಅಳೆಯದ್ದನ್ನು ಅಳೆದೆ ಎಂದು ಬರೆದರೆ ಏನಾಗುತ್ತದೆ ಎಂದು ತಿಳಿಯಲು ದೊಡ್ಡ ಉದಾಹರಣೆ ಬೇಕಾದರೆ ಲಂಡನ್ನಿನ ಥೇಮ್ಸ್ ಇದೆ. ಅಲ್ಲಿ ನೈಟ್ರೇಟ್ ಲೆಕ್ಕ 1868ರಿಂದ ಸಿಗುತ್ತದೆ. 2008ರವರೆಗಿನ 140 ವರ್ಷಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಂಡದ್ದೇನೆಂದರೆ, ಎರಡನೆಯ ಮಹಾಯುದ್ಧದ ಹೊತ್ತಿಗೆ ಹುಲ್ಲುಗಾವಲುಗಳನ್ನು ಉತ್ತು ಹೊಲ ಮಾಡಿದ ಮೇಲೆ ಏರತೊಡಗಿದ ನೈಟ್ರೇಟ್, ದಶಕಗಳು ಕಳೆದರೂ ಹಳೆಯ ಮಟ್ಟಕ್ಕೆ ಇಳಿದಿಲ್ಲ. ನೆಲಕ್ಕೆ ಹಾಕಿದ್ದು ಅಂತರ್ಜಲದೊಳಗೆ ಇಳಿದು, ವರ್ಷಗಟ್ಟಲೆ ನಡೆದು ನದಿಗೆ ಬರುತ್ತದೆ. ಅಜ್ಜ ಹಾಕಿದ ಗೊಬ್ಬರ ಮೊಮ್ಮಗನ ನೀರಿನಲ್ಲಿ. ಐದು ವರ್ಷ ಅಳೆದು ಬಿಟ್ಟಿದ್ದರೆ ಯಾರಿಗೂ ಇದು ಕಾಣುತ್ತಿರಲಿಲ್ಲ. ಮೊದಲು ಅಳೆದವನಿಗೆ ತನ್ನ ಅಂಕಿ ಯಾರಿಗೆ ಬೇಕಾದೀತು ಎಂದು ಗೊತ್ತೇ ಇರಲಿಲ್ಲ. ನಾವು ಈ ಕೆಲಸಕ್ಕೆ ತಡವಾಗಿ ಬಂದವರು. ಜಲಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ, ದೇಶದ ನದಿಗಳ ನೀರನ್ನು ಕ್ರಮವಾಗಿ ಪರೀಕ್ಷಿಸುವ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ.

ಹಾಗಿದ್ದೂ ಆ ಲೆಕ್ಕ ವ್ಯರ್ಥವಾಗಿಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಭಾಗಗಳನ್ನು ಗುರುತಿಸಿತು. ಕೇರಳದವು 21. ಅವುಗಳಲ್ಲಿ ಕರಮನ ಮೊದಲ ಆದ್ಯತೆಯ ಪಟ್ಟಿಯಲ್ಲಿತ್ತು. ಬಿ.ಒ.ಡಿ. ಲೀಟರಿಗೆ 30 ಮಿಲಿಗ್ರಾಂ ದಾಟಿದವು ಆ ಪಟ್ಟಿಗೆ ಸೇರುತ್ತವೆ, ಸ್ನಾನಕ್ಕೆ ಯೋಗ್ಯವೆನಿಸಬೇಕಾದರೆ 3 ದಾಟಬಾರದು. ಪಿಂಡ ಬಿಡಲು ಮುಳುಗುವವರ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಪಟ್ಟು. ಈಗ ಮುಟ್ಟತ್ತರದಲ್ಲಿ ದಿನಕ್ಕೆ 10.7 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಸ್ಥಾವರವಿದೆ. ಒಳಚರಂಡಿ ಮುಟ್ಟದ ಮನೆಗಳ ನೀರು ಅಲ್ಲಿಗೆ ಹೋಗುವುದಿಲ್ಲ. ಹೋದ ನೀರಿನಲ್ಲೂ ಸಾಮಾನ್ಯ ಶುದ್ಧೀಕರಣ ಕೊಳಕನ್ನು ತೆಗೆದಷ್ಟು ಸುಲಭವಾಗಿ ಸಾರಜನಕ, ರಂಜಕಗಳನ್ನು ತೆಗೆಯುವುದಿಲ್ಲ.

ವಿಳಿಂಜಂ ಈಗ ನಾನು ಮೊದಲು ಕಂಡ ವಿಳಿಂಜಂ ಅಲ್ಲ. ಹಳೆಯ ಮೀನುಗಾರಿಕಾ ಬಂದರಿನ ಪಕ್ಕ ದೈತ್ಯ ಕ್ರೇನುಗಳು ನಿಂತಿವೆ. 2025ರ ಮೇ 2ರಂದು ಹೊಸ ಬಂದರನ್ನು ಪ್ರಧಾನಿ ದೇಶಕ್ಕೆ ಅರ್ಪಿಸಿದರು. ದೊಡ್ಡ ಹಡಗುಗಳು ಸಮತೋಲಕ್ಕೆಂದು ಹೊಟ್ಟೆಯಲ್ಲಿ ಹೊತ್ತು ತರುವ ನೀರಿನಲ್ಲಿ ಬೇರೆ ಕಡಲಿನ ಪಾಚಿಯೂ ಬರಬಹುದು. ಈ ಪಾಚಿಗಳು ಕಷ್ಟಕಾಲದಲ್ಲಿ ಗಟ್ಟಿ ಸಿಪ್ಪೆ ಹೊದ್ದು, ಬೀಜದ ಹಾಗೆ ಕೆಸರಿನಲ್ಲಿ ವರ್ಷಗಟ್ಟಲೆ ಮಲಗಬಲ್ಲವು. ಅದಕ್ಕಾಗಿಯೇ 2017ರಿಂದ ಜಾರಿಯಾದ ಅಂತರರಾಷ್ಟ್ರೀಯ ಒಪ್ಪಂದವೂ ಇದೆ. ನಾಳೆ ಇಲ್ಲಿ ಏನಾದರೂ ಆದರೆ ಬಂದರಿನಿಂದ ಆಯಿತು ಎನ್ನುವವರೂ ಇರುತ್ತಾರೆ, ಅಲ್ಲ ಎನ್ನುವವರೂ ಇರುತ್ತಾರೆ. 1983ರಲ್ಲಿ ಭೂತದ ಮುನಿಸು ಎಂದವರ ಹಾಗೆ. ಬಂದರು ಬರುವ ಮೊದಲಿನ ಮಂಗಳವಾರಗಳು ನಮ್ಮ ಕಪಾಟಿನಲ್ಲಿವೆ. ಒಂದು ಸಾಲಿಗೆ ಕೆಂಪು ಸುತ್ತು ಇರುವುದನ್ನು ಬಿಟ್ಟರೆ ಅವನ್ನು ನಂಬಬಹುದು.

ಮೇಡಂ ನಿವೃತ್ತರಾಗಿ ವರ್ಷಗಳಾದವು. ಈಗ ಹೊಸ ಹುಡುಗ ಹುಡುಗಿಯರಿಗೆ ಬಾಟಲಿ ತುಂಬಲು ಕಲಿಸುವವನು ನಾನು. ವಿದ್ಯುನ್ಮಾನ ಮೀಟರುಗಳು ಬಂದಿವೆ, ರಿಜಿಸ್ಟರಿನ ಜಾಗದಲ್ಲಿ ಕಂಪ್ಯೂಟರ್ ಇದೆ. ಮೊದಲ ದಿನವೇ ಅವರಿಗೆ ಆ ಹಳೆಯ ಪುಟ ತೆಗೆದು ತೋರಿಸುತ್ತೇನೆ. ಇದು ಯಾರ ಸಹಿ ಎಂದು ಕೇಳುತ್ತಾರೆ. ಹೇಳುತ್ತೇನೆ. ಹೋಗಲಾಗದಿದ್ದರೆ ಜಾಗ ಬಿಡಿ, ಯಾಕೆ ಹೋಗಲಿಲ್ಲ ಎಂದು ಪಕ್ಕದಲ್ಲಿ ಬರೆಯಿರಿ, ಬಿಟ್ಟ ಜಾಗಕ್ಕೆ ಯಾರೂ ನಿಮ್ಮನ್ನು ಏನೂ ಮಾಡುವುದಿಲ್ಲ ಎನ್ನುತ್ತೇನೆ. ಕೊನೆಯ ಮಾತು ಪೂರ್ತಿ ನಿಜವಲ್ಲದಿರಬಹುದು. ನಾನಿರುವಷ್ಟು ದಿನ ಅದನ್ನು ನಿಜ ಮಾಡುವುದು ನನ್ನ ಕೈಯಲ್ಲಿದೆ.

ಅಮ್ಮ ಹೋದದ್ದು ಆರು ವರ್ಷದ ಹಿಂದೆ, ವಯಸ್ಸಾಗಿ, ನಿದ್ದೆಯಲ್ಲಿ. ಅವಳು ಬದುಕಿದ್ದಾಗ ಒಮ್ಮೆ ಕೇಳಿದ್ದೆ, ಹಾಗೆ ಮೊದಲು ತಿಂದು ನೋಡುತ್ತಿದ್ದೆಯಲ್ಲ, ನಿನಗೇನಾದರೂ ಆಗಿದ್ದರೆ? "ನನಗಾದರೆ ನಿಮಗೆ ಗೊತ್ತಾಗುತ್ತಿತ್ತಲ್ಲ" ಎಂದಿದ್ದಳು. ಅದಕ್ಕಿಂತ ಹೆಚ್ಚು ಮಾತಾಡುವ ವಿಷಯ ಅವಳಿಗೆ ಅದಾಗಿರಲಿಲ್ಲ. ಏಳುತ್ತ, "ಗಂಜಿ ಬಡಿಸಲಾ?" ಎಂದಳು.

ಕಳೆದ ಮಂಗಳವಾರ ವಿಳಿಂಜಂನಲ್ಲಿ ನೀರು ತುಂಬಿಸಿಕೊಂಡು ಹೊರಡುವಾಗ ಚಿಪ್ಪಿ ಕೀಳುವ ಹುಡುಗನೊಬ್ಬ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಯಾವ ಬಂಡೆಯದ್ದು, ಯಾವಾಗ ಕಿತ್ತದ್ದು ಎಂದು ಕೇಳಿದೆ. ಬೆಳಿಗ್ಗೆಯದ್ದೇ ಎಂದ. ಕೊಂಡೆ. ಸಂಜೆ ಮನೆಯಲ್ಲಿ ಕಾಯಿತುರಿ ಹಾಕಿ ಸುಕ್ಕ ಆಯಿತು. ಮಗಳು ಹಾಸ್ಟೆಲಿನಿಂದ ಬಂದಿದ್ದಳು, ತಟ್ಟೆ ಹಿಡಿದು ಬಂದಳು. ನಾನು ನಾಲ್ಕು ತಿಂದು, ಪಾತ್ರೆಗೆ ತಟ್ಟೆ ಮುಚ್ಚಿ, ಗಡಿಯಾರ ನೋಡಿದೆ.

"ಏನಪ್ಪಾ, ನಮಗಿಲ್ಲವಾ? ಎಲ್ಲ ನಿನಗೇನಾ?" ಎಂದು ನಕ್ಕಳು.

"ಸ್ವಲ್ಪ ತಡಿ" ಎಂದೆ.